ಸಾಕಕ್ಕನ ಸಾಕ್ಷಿ ಹುಡುಕಿಕೊಂಡು ಮೂರು ಕೋರ್ಟು

ಸೋಮವಾರ ಬೆಳಿಗ್ಗೆ ಎಂಟೂವರೆಯ ಬಸ್ಸಿಗೆ ಚಿನಕುರಳಿಯಲ್ಲಿ ಹತ್ತಿದೆ. ಚೀಲದಲ್ಲಿ ನನ್ನ ಆಧಾರ್ ಕಾರ್ಡು, ಅಪ್ಪನ ಮರಣ ಪತ್ರ, ಒಂದು ನೋಟ್ ಬುಕ್ಕು, ಹೆಂಡತಿ ಕಟ್ಟಿಕೊಟ್ಟ ಅವರೆಕಾಳು ಉಪ್ಪಿಟ್ಟು. ಮಂಜು ಇನ್ನೂ ಹರಿದಿರಲಿಲ್ಲ. ಕಬ್ಬಿನ ಟ್ರಾಕ್ಟರುಗಳು ಸಾಲಾಗಿ ಮುಂದೆ ಹೋಗುತ್ತಿದ್ದುದರಿಂದ ಹತ್ತು ಕಿಲೋಮೀಟರು ದೂರದ ಪಾಂಡವಪುರ ತಲುಪಲು ಮುಕ್ಕಾಲು ಗಂಟೆ ಹಿಡಿಯಿತು.

ಹೊರಟ ಕಾರಣ ಮೊದಲು ಹೇಳಿಬಿಡುತ್ತೇನೆ. ನಾವು ಆಚಾರಿಗಳು. ಅಪ್ಪ ಸಿದ್ದಾಚಾರಿ ಗಾಡಿ ಚಕ್ರ ಮಾಡುತ್ತಿದ್ದ. ಮರದ ಕೆಲಸವೂ ಅವನದೇ, ಕುಲುಮೆಯೂ ಅವನದೇ. ಚಕ್ರಕ್ಕೆ ಹಳಿ, ಅಂದರೆ ಕಬ್ಬಿಣದ ಬಳೆ, ತೊಡಿಸುವಾಗ ಅದನ್ನು ಬೆರಣಿ ಬೆಂಕಿಯಲ್ಲಿ ಕೆಂಪಗೆ ಕಾಯಿಸಿ, ನಾಲ್ಕು ಜನ ಇಕ್ಕಳದಲ್ಲಿ ಹಿಡಿದು, ಚಕ್ರದ ಮೇಲೆ ಕೂರಿಸಿ ಬಡಿಯಬೇಕು. ಕೂತ ತಕ್ಷಣ ಸುತ್ತಲೂ ನೀರು ಉಯ್ಯಬೇಕು. ತಡವಾದರೆ ಮರ ಕರಕಲಾಗುತ್ತದೆ, ಹಳಿ ಸಡಿಲವಾಗುತ್ತದೆ. ನಮ್ಮ ಮನೆಯಲ್ಲಿ ನೀರು ಉಯ್ಯುತ್ತಿದ್ದವಳು ನನ್ನಕ್ಕ ಸಾಕಮ್ಮ. ಆಗ ಅವಳಿಗೆ ಒಂಬತ್ತು ವರ್ಷ. ನಾನಿನ್ನೂ ಹುಟ್ಟಿರಲಿಲ್ಲ.

ಹಾಗೆ ಮಾಡಿಕೊಟ್ಟ ಒಂದು ಚಕ್ರದ ಹಳಿ ದಾರಿಯಲ್ಲಿ ಕಳಚಿತು. ಚಪ್ಪಡಿ ಕಲ್ಲು ಹೇರಿದ್ದ ಗಾಡಿ ಮಗುಚಿ ಎತ್ತು ಸತ್ತಿತು. ಗಾಡಿಯವನು ಕೋರ್ಟಿಗೆ ಹೋದ. ಅಕ್ಕ ಕಟಕಟೆಯಲ್ಲಿ ನಿಂತು ನೀರು ಉಯ್ದದ್ದು ತಡವಾಯಿತು ಎಂದಳಂತೆ. ಅಪ್ಪ ಸೋತ. ಆಮೇಲೆ ಯಾರೂ ಅವನ ಹತ್ತಿರ ಚಕ್ರ ಮಾಡಿಸಲಿಲ್ಲ. ಅವನು ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬು ಇಳಿಸುವ ಕೂಲಿಗೆ ಸೇರಿದ. ಸಾಯುವವರೆಗೆ ಅಕ್ಕನಿಗೆ ಒಂದು ಬಿರುಸು ಮಾತು ಆಡಲಿಲ್ಲ. ಅವಳೇ ತನಗೆ ತಾನು ಆಡಿಕೊಂಡಳು. ನಾಗಮಂಗಲಕ್ಕೆ ಮದುವೆಯಾಗಿ ಹೋದವಳು ಇವತ್ತಿಗೂ ನೆಂಟರ ಕೈಗೆ ನೀರು ಉಯ್ಯುವುದಿಲ್ಲ. ಚೊಂಬು ಜಗಲಿಯ ಮೇಲಿಟ್ಟು ಒಳಗೆ ಹೋಗುತ್ತಾಳೆ. ಈ ಸಲದ ಆಯುಧಪೂಜೆಗೆ ಬಂದಿದ್ದಾಗ ಒಳಗೆ ಕರೆದರೂ ಬಾರದೆ ನನ್ನ ಕೆಲಸದ ಕೊಟ್ಟಿಗೆಯ ಹೊಸ್ತಿಲಲ್ಲೇ ನಿಂತು, "ಬ್ಯಾಡ ಕಣ್ಲಾ ನಾಗ, ನನ್ನಿಂದ ಒಂದು ಕುಲುಮೆ ಆರೋಗೈತೆ, ಇದೂ ಯಾಕೆ" ಎಂದಳು. ಆ ಮಾತು ನನ್ನನ್ನು ಬಿಡಲಿಲ್ಲ. ಕೋರ್ಟು ನಿಜವಾಗಿ ಏನು ಬರೆದಿದೆಯೋ ತಂದು ಅವಳೆದುರು ಓದಬೇಕು ಎಂದು ಹೊರಟೆ.

ಪಾಂಡವಪುರದ ಕೋರ್ಟಿನ ಹೊರಗೆ ಬೇವಿನ ಮರದ ಕೆಳಗೆ ಟೈಪು ಮಾಡುವ ಒಬ್ಬರು ಮೇಷ್ಟ್ರು ಕೂರುತ್ತಾರೆ. ನಾನು ಅವರ ಹತ್ತಿರ ಹೋಗಲಿಲ್ಲ. ಓದಿದ್ದು ಆರನೇ ಕ್ಲಾಸಾದರೂ ಒಂದು ದಿನವೂ ಪೇಪರ್ ಓದುವುದು ತಪ್ಪಿಸಿದವನಲ್ಲ, ಅರ್ಜಿ ನಾನೇ ಬರೆದಿದ್ದೆ. ನಕಲು ಶಾಖೆಯ ಗುಮಾಸ್ತರು ಅದನ್ನು ಮೇಲಿಂದ ಕೆಳಗೆ ಓದಿದರು.

"ಆಚಾರ್ರೇ, ಅಕ್ಷರ ಮುದ್ದಾಗವೆ. ಆದ್ರೆ ಇದ್ರಲ್ಲಿ ನಿಮ್ಮಪ್ಪಾರ ಗುಣಗಾನ ಬುಟ್ರೆ ಇನ್ನೇನೂ ಇಲ್ವಲ್ಲ. ಕೇಸ್ ನಂಬರು? ಯಾವ ಇಸವಿ? ವಾದಿ ಯಾರು?"

ನನಗೆ ಮೂರೂ ಗೊತ್ತಿರಲಿಲ್ಲ. ಮೊಬೈಲಿನಲ್ಲಿ ಸಿಗುವುದಿಲ್ಲವೇ ಎಂದೆ. ಈಚಿನ ಕೇಸುಗಳಾದರೆ ಸಿಗುತ್ತವೆ, ಐವತ್ತು ವರ್ಷದ ಹಿಂದಿನದಕ್ಕೆ ನೋಂದಣಿ ಪುಸ್ತಕವೇ ಗತಿ ಎಂದರು. ಹೊರಗೆ ಬಂದಾಗ ಟೈಪಿನ ಮೇಷ್ಟ್ರು ತಾವಾಗೇ ಕರೆದು, "ಆ ಕಾಲದ ಈ ಕಡೆ ಕೇಸುಗಳು ಶ್ರೀರಂಗಪಟ್ಟಣಕ್ಕೆ ಓಗಿರಬೌದು, ಅಲ್ಲೊಂದು ಸಲ ನೋಡಿ" ಎಂದರು. ದುಡ್ಡು ಕೊಡಹೋದರೆ, "ಬಾಯಿ ಮಾತಿಗೆ ಟೈಪು ಚಾರ್ಜು ಇಲ್ಲ" ಎಂದು ನಕ್ಕರು.

ಶ್ರೀರಂಗಪಟ್ಟಣಕ್ಕೆ ಹತ್ತು ಹನ್ನೆರಡು ಕಿಲೋಮೀಟರು. ಬಸ್ಸಿನ ತುಂಬ ಹೆಂಗಸರು, ಟಿಕೆಟ್ಟಿಗೆ ದುಡ್ಡು ಕೊಟ್ಟವರು ನಾವು ಐದಾರು ಗಂಡಸರು ಮಾತ್ರ, ನಿಂತಿದ್ದವರೂ ನಾವೇ. ಅಲ್ಲಿನ ಕೋರ್ಟಿನಲ್ಲಿ ಹುಡುಕುವ ಅರ್ಜಿಗೆ ಸ್ಟ್ಯಾಂಪು ಹಚ್ಚಿ ಕೊಟ್ಟೆ. ಮಧ್ಯಾಹ್ನ ಎರಡೂವರೆಗೆ ಗುಮಾಸ್ತರೊಬ್ಬರು ನಾಲ್ಕು ವರ್ಷದ ಪುಸ್ತಕಗಳನ್ನು ತೆಗೆಸಿ ಮೇಜಿನ ಮೇಲೆ ಹಾಕಿದರು. ಪ್ರತಿ ಪುಟದ ಮೇಲೂ ಅವರ ಬೆರಳು ಇಳಿಯುತ್ತಿತ್ತು. ಸಿದ್ದಾಚಾರಿ ಎಲ್ಲೂ ಇಲ್ಲ.

"ಕೇಸು ಹಾಕಿದವನ ಹೆಸರು ಮೊದ್ಲು ಬರೆಯೋದು, ಆಚಾರ್ರೇ. ನಿಮ್ಮ ತಂದೆ ಮೇಲೆ ಹಾಕಿದ್ದು ತಾನೆ? ಅವನ ಹೆಸರು ಹೇಳಿ. ಗಾಡಿ ಮಗುಚಿದ್ದು ಯಾವ ತಾಲ್ಲೂಕಲ್ಲಿ, ಅದನ್ನೂ ಹೇಳಿ. ಇದು ಗೊತ್ತಿರೋರು ಮನೇಲಿ ಯಾರೂ ಇಲ್ವಾ?"

ಇದ್ದಳು ಒಬ್ಬಳು. ಅವಳನ್ನು ಕೇಳದೆ, ಅವಳಿಗೆ ತಿಳಿಸದೆ ಈ ಕೆಲಸ ಮುಗಿಸಬೇಕು ಎಂಬುದು ನನ್ನ ಹಮ್ಮು. ಕಾಗದದಲ್ಲಿ ಹುಡುಕಿದೆ, ಕಟಕಟೆಯಲ್ಲಿ ನಿಂತಿದ್ದವಳನ್ನು ಕೇಳಲಿಲ್ಲ. ನಮ್ಮ ಮನೆಯವರದೆಲ್ಲ ಇದೇ ತಪ್ಪು. ಅವಳಿಗೆ ನೋವಾಗುತ್ತದೆ ಎಂದು ಐವತ್ತು ವರ್ಷ ಆ ಮಾತನ್ನೇ ಎತ್ತಿರಲಿಲ್ಲ. ಕೋರ್ಟಿನ ಮೆಟ್ಟಿಲ ಮೇಲೆ ಕೂತು ಫೋನು ಮಾಡಿದೆ.

"ಅಕ್ಕ, ಆ ಗಾಡಿಯೋನ ಹೆಸ್ರು ಏನು?"

ಆ ಕಡೆ ಕುಕ್ಕರು ಕೂಗುತ್ತಿತ್ತು, ಒಲೆ ಆರಿಸಿ ಬಂದಳು.

"ಎಲ್ಲಿದ್ದೀಯ ನೀನು?"

"ಶ್ರೀರಂಗಪಟ್ಟಣದ ಕೋರ್ಟಲ್ಲಿ."

"ಕರೀಗೌಡ. ಕೋರ್ಟು ಪಟ್ಟಣದ್ದಲ್ಲ ಕಣ್ಲಾ, ಕೆ.ಆರ್. ಪೇಟೆದು. ಗಾಡಿ ಅಲ್ಲೇ ಬಿದ್ದಿದ್ದು. ಅಪ್ಪ ಕೋರ್ಟಿನ ಮುಂದೆ ನಂಗೆ ಕಡ್ಲೆಪುರಿ ತೆಕ್ಕೊಟ್ಟಿದ್ದ." ಅಲ್ಲಿಗೇ ಮಾತು ತಿರುಗಿಸಿದಳು. "ಉಂಡ್ಯಾ?"

"ಉಂಡೆ."

"ಕೋರ್ಟಿನ ಕಾಗ್ದದಲ್ಲಿ ಏನೈತೋ ನಂಗೂ ಏಳು. ಮುಚ್ಚಿಕ್ಬೇಡ."

ಉಪ್ಪಿಟ್ಟು ಹಾಗೇ ಇತ್ತು. ಬಸ್ ಸ್ಟ್ಯಾಂಡಿನಲ್ಲಿ ತಿಂದು ಸಂಜೆಗೆ ಊರಿಗೆ ಬಂದೆ.

ಮಂಗಳವಾರ ಬೇಗ ಹೊರಟು ಹತ್ತು ಗಂಟೆಗೆ ಕೆ.ಆರ್. ಪೇಟೆ ಕೋರ್ಟಿನಲ್ಲಿದ್ದೆ. ಈ ಸಲ ಅರ್ಜಿಯಲ್ಲಿ ಅಪ್ಪನ ಗುಣಗಾನ ಇರಲಿಲ್ಲ. ವಾದಿ, ಪ್ರತಿವಾದಿ, ಅಂದಾಜು ಇಸವಿ, ನಾನು ಪ್ರತಿವಾದಿಯ ಮಗ ಎಂಬುದಕ್ಕೆ ಆಧಾರ, ಇಷ್ಟೇ. ಹಳೆಯ ಫೈಲು ನೋಡಿಕೊಳ್ಳುವವರು ನಲವತ್ತರ ಒಬ್ಬ ಹೆಣ್ಣುಮಗಳು. ನೋಂದಣಿ ಪುಸ್ತಕದಲ್ಲಿ ಕರೀಗೌಡ ಅರ್ಧ ಗಂಟೆಯಲ್ಲಿ ಸಿಕ್ಕಿದ. ಅವನ ಹೆಸರಿನ ಮುಂದೆ, ಚಿನಕುರಳಿ ಸಿದ್ದಾಚಾರಿ. ನೀಲಿ ಮಸಿ ಕಂದು ಬಣ್ಣಕ್ಕೆ ತಿರುಗಿತ್ತು. ನನ್ನ ಬೆರಳು ಅದರ ಮೇಲೆ ಹೋದಾಗ ಆಕೆ ಬೇಡ ಎನ್ನಲಿಲ್ಲ.

"ನಂಬರ್ ಸಿಕ್ತು ಅಂತ ಕುಣೀಬೇಡಿ ಅಣ್ಣ," ಎಂದರು. "ಇಷ್ಟು ಹಳೇದು ಪೂರ್ತಿ ಇರಲ್ಲ. ಸಾಕ್ಷಿಗಳ ಹೇಳಿಕೆಯೆಲ್ಲ ಅವಧಿ ಮುಗಿದ ಮೇಲೆ ನಾಶ ಮಾಡ್ತಾರೆ, ಅದು ನಿಯಮ. ತೀರ್ಪು, ಡಿಕ್ರಿ ಉಳಿಸಿರ್ತಾರೆ."

"ನಂಗೆ ಬೇಕಾಗಿರೋದೇ ಸಾಕ್ಷಿ ಮಾತು, ಮೇಡಮ್."

"ತೀರ್ಪಲ್ಲಿ ಅದ್ರ ಸಾರ ಬರೆದಿರ್ತಾರೆ. ಕೂತಿರಿ, ನೋಡ್ಸ್ತೀನಿ."

ಕೂರಲು ಕೊಟ್ಟ ಸ್ಟೂಲು ಒಂದು ಕಾಲಿನಲ್ಲಿ ಅಲ್ಲಾಡುತ್ತಿತ್ತು. ಅಂಥದ್ದರ ಮೇಲೆ ಸುಮ್ಮನೆ ಕೂರುವುದು ನನ್ನಿಂದ ಆಗುವುದಿಲ್ಲ. ಹೊರಗಿನಿಂದ ಒಂದು ಚಕ್ಕೆ ತಂದು, ಜೇಬಿನ ಚಾಕುವಿನಿಂದ ಬೆಣೆ ಸೀಳಿ ಬಿಗಿದೆ. ನೋಡಿಕೊಂಡು ಬಂದ ಆಕೆ, "ಕಡತ ಸಿಕ್ತು ಅಣ್ಣ, ತೀರ್ಪಿದೆ. ನಾಳೆ ಹನ್ನೊಂದಕ್ಕೆ ನಕಲು ಕೊಡ್ತೀವಿ," ಎಂದು, ಸ್ಟೂಲನ್ನು ಒತ್ತಿ ನೋಡಿ, "ಇದಕ್ಕೆ ಬಿಲ್ಲು ಹಾಕ್ಬೇಡಿ ಮತ್ತೆ" ಎಂದರು. ನಕಲಿನ ಶುಲ್ಕ ಕಟ್ಟಿ, ರಸೀದಿ ತೆಗೆದುಕೊಂಡು ಹೊರಬಿದ್ದೆ.

ಆ ರಾತ್ರಿ ಪೇಟೆಯಲ್ಲೇ ಬಾಗಿಲು ಕಿಟಕಿ ಮಾಡುವ ಪುಟ್ಟಸ್ವಾಮಿಯ ಮನೆಯಲ್ಲಿ ಉಳಿದೆ. ನನ್ನ ಹಳೆಯ ಜೊತೆಗಾರ. ಮುದ್ದೆ, ಅವರೆಕಾಯಿ ಸಾರು. ಉಣ್ಣುತ್ತ ಎಂದಿನಂತೆ ಹೇಳಿದೆ: ನಮ್ಮಪ್ಪ ಹಸಿ ಮರ ಮುಟ್ಟಿದವನಲ್ಲ, ಮೂರು ವರ್ಷ ಒಣಗದ ಜಾಲಿಗೆ ಉಳಿ ಇಟ್ಟವನಲ್ಲ. "ಗೊತ್ತು ಕಣ್ಲಾ," ಎಂದ ಪುಟ್ಟಸ್ವಾಮಿ. "ಪ್ಲೈವುಡ್ ತಗೊಳ್ಳಾಕೆ ಬಂದಾಗ್ಲೂ ಅದ್ನೇ ಏಳ್ತೀಯ."

ಬುಧವಾರ ಹನ್ನೊಂದೂಕಾಲಿಗೆ ನಕಲು ಕೈಗೆ ಬಂತು. ನಾಲ್ಕು ಹಾಳೆ, ಪ್ರತಿಯೊಂದಕ್ಕೂ ಸೀಲು. ಕನ್ನಡದಲ್ಲಿ, ದುಂಡು ಕೈಬರಹದಲ್ಲಿ ಬರೆದ ತೀರ್ಪು. ಬಸ್ ಸ್ಟ್ಯಾಂಡಿನ ಕಲ್ಲು ಬೆಂಚಿನ ಮೇಲೆ ಕೂತು ಓದಿದೆ. ಮೂರನೆಯ ಹಾಳೆಯಲ್ಲಿ ಹೀಗಿತ್ತು:

"ಪ್ರತಿವಾದಿಯ ಎರಡನೇ ಸಾಕ್ಷಿಯು ಆತನ ಮಗಳಿದ್ದು ಸುಮಾರು ಒಂಬತ್ತು ವರ್ಷದವಳು. ನೀರು ಹಾಕಿದ್ದು ತಾನೆಂದೂ, ಹಾಕುವುದು ತಡವಾಯಿತೆಂದೂ ಪಾಟೀಸವಾಲಿನಲ್ಲಿ ಒಪ್ಪಿರುತ್ತಾಳೆ. ಮಗುವನ್ನು ಹೊರಗೆ ಕಳುಹಿಸಿದ ನಂತರ ಪ್ರತಿವಾದಿಯು ತಾನಾಗಿಯೇ ಎದ್ದು, ಮಗುವಿನದು ತಪ್ಪಿಲ್ಲ, ಚಕ್ರಕ್ಕೆ ಬಳಸಿದ ಮರ ಹಸಿಯಾಗಿತ್ತು, ಅದು ತನಗೆ ಗೊತ್ತಿತ್ತು ಎಂದು ಹೇಳಿರುತ್ತಾನೆ. ಆದ್ದರಿಂದ ಎರಡನೇ ಸಾಕ್ಷಿಯ ಮಾತನ್ನು ಈ ನ್ಯಾಯಾಲಯವು ಗಣನೆಗೆ ತೆಗೆದುಕೊಳ್ಳುವುದಿಲ್ಲ."

ಎರಡು ಸಲ ಓದಿದೆ. ಅಕ್ಕನ ಮಾತಿಂದ ಅಪ್ಪ ಸೋತಿರಲಿಲ್ಲ. ಅಷ್ಟು ಸಿಕ್ಕಿತು. ಆದರೆ ಹಸಿ ಮರ. ಅದು ಒಣಗುತ್ತ ಕುಗ್ಗುತ್ತದೆ, ಹಳಿ ತಾನಾಗೇ ಸಡಿಲವಾಗುತ್ತದೆ. ತುಂಬಿದ ಕೋರ್ಟಿನಲ್ಲಿ ಅಪ್ಪ ಅವನ ಬಾಯಲ್ಲೇ ಹೇಳಿದ್ದ. ಆಚಾರಿಯೊಬ್ಬ ಹಾಗೆ ಹೇಳಿದ ಮೇಲೆ ಯಾರು ತಾನೆ ಅವನ ಹತ್ತಿರ ಚಕ್ರ ಮಾಡಿಸುತ್ತಾರೆ? ನಾನು ಮೂವತ್ತು ವರ್ಷದಿಂದ ಕಂಡಕಂಡವರಿಗೆಲ್ಲ ಹೇಳಿಕೊಂಡು ಬಂದದ್ದು ಸುಳ್ಳೇ? ನಾಗಮಂಗಲದ ಬಸ್ಸು ಬಂದು ನಿಂತಾಗ ಹತ್ತಲು ಮನಸ್ಸಾಗಲಿಲ್ಲ. ಅದು ಹೋಯಿತು. ನಿನ್ನ ಮಾತು ಗಣನೆಗೆ ಬಂದಿಲ್ಲ ಎಂದು ಮಾತ್ರ ಹೇಳಿ ಮೂರನೆಯ ಹಾಳೆಯನ್ನು ಜೇಬಿನಲ್ಲಿ ಇಟ್ಟುಕೊಳ್ಳಬಹುದಿತ್ತು. ಮುಚ್ಚಿಡಬೇಡ ಎಂದಿದ್ದಳು ಅಕ್ಕ. ಮುಂದಿನ ಬಸ್ಸು ಹತ್ತಿದೆ. ನಲವತ್ತು ಕಿಲೋಮೀಟರು, ದಾರಿಯುದ್ದಕ್ಕೂ ಹುರುಳಿ ಹೊಲ, ತೆಂಗು. ನನಗೆ ಹೆಚ್ಚು ಕಾಣಿಸಲಿಲ್ಲ.

ಅಕ್ಕ ಜಗಲಿಯ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಿದ್ದಳು.

"ಬಂದ್ಯಾ? ಮೊದ್ಲು ಓದು. ಊಟ ಆಮೇಕೆ."

ಓದಿದೆ. ನಾನು ಓದುವುದು ನಿಧಾನ, ಆದರೆ ಒಂದಕ್ಷರ ಬಿಡುವುದಿಲ್ಲ. ಮೂರನೆಯ ಹಾಳೆ ಮುಗಿಸಿದಾಗ ಅವಳ ಕೈಯಲ್ಲಿದ್ದ ಕಾಯಿ ಅರ್ಧ ಸುಲಿದು ನಿಂತಿತ್ತು.

"ಇನ್ನೊಂದ್ಸಲ ಓದು, ಅಪ್ಪ ಏಳಿದ್ದು."

ಇನ್ನೊಮ್ಮೆ ಓದಿದೆ.

"ಅದು ಹಸಿ ಮರ ಅಲ್ಲ ಕಣ್ಲಾ," ಎಂದಳು ಮೆಲ್ಲಗೆ. "ಕೊಟ್ಟಿಗೆ ಇಂದ್ಗಡೆ ಮೂರು ಬೇಸ್ಗೆ ಒಣಗಿದ್ದ ದಿಮ್ಮಿ ಅದು. ನಾನು ಅದ್ರ ಮ್ಯಾಲೆ ಕುಂತ್ಕೊಂಡೇ ಅಲ್ವಾ ಗಾಡಿ ಓಡಿಸೋ ಆಟ ಆಡ್ತಿದ್ದುದು. ಕುಯ್ಯುವಾಗ ಅಳ್ತಾ ಕುಂತಿದ್ದೆ, ನನ್ ಗಾಡಿ ಕುಯ್ತಾವ್ನೆ ಅಂತ."

ನಾನು ಹಾಳೆಗಳನ್ನು ಜಗಲಿಯ ಮೇಲಿಟ್ಟೆ.

"ಜಡ್ಜಿ ಮುಂದೆ ಸುಳ್ಳು ಏಳವ್ನೆ," ಎಂದಳು. ಸೆರಗು ಕಣ್ಣಿಗೆ ಹೋಗಲಿಲ್ಲ, ಬಾಯಿಗೆ ಹೋಯಿತು. "ಕಾಸಿಗೊಂದು ಸುಳ್ಳು ಏಳ್ದೋನಲ್ಲ. ಈಚೆ ಬಂದು ಏನೂ ಆಗಿಲ್ಲ ಅನ್ನಂಗೆ ಕಡ್ಲೆಪುರಿ ಕೊಡಿಸ್ದ. ನಂಗೇ ಏಳ್ನಿಲ್ವಲ್ಲಾ."

"ಏಳಿದ್ರೆ ನೀನು ಊರಿಗೆಲ್ಲಾ ಡಂಗೂರ ಹೊಡೀತಿದ್ದೆ, ಮರ ಹಸಿ ಅಲ್ಲ ಅಂತ," ಎಂದೆ.

"ಊಂ," ಎಂದಳು. ನಗು ಬಂತು ಅವಳಿಗೆ. "ಒಡೀತಿದ್ದೆ."

ಆಗ ನಾನು, ಮೊದಲೇ ಕೇಳಬೇಕಾಗಿದ್ದ ಮಾತನ್ನು ಕೇಳಿದೆ. "ಅಕ್ಕ, ನಿಜವಾಗ್ಲೂ ತಡ ಆಗಿತ್ತಾ?"

ಅವಳು ಯೋಚಿಸಿದಳು. "ಅಪ್ಪ 'ಉಯ್ಯವ್ವ' ಅಂದ, ನಾನು ಉಯ್ದೆ. ದಿನಾ ಅಂಗೇ. ಕರೀಗೌಡನ ಕಡೆ ಲಾಯ್ರು ಕರೀ ಕೋಟು ಆಕ್ಕೊಂಡು ಬಗ್ಗಿ, 'ತಡ ಆಯ್ತು ಅಲ್ವೇನಮ್ಮ' ಅಂದ್ರು. ದೊಡ್ಡೋರು ಅಂತ ಊಂ ಅಂದೆ. ಅಂದ್ಮೇಕೆ ಅದೇ ದಿಟ ಇರ್ಬೇಕು ಅನ್ಕೊಂಡ್ಬುಟ್ಟೆ."

'ಉಯ್ಯವ್ವ' ಎಂಬುದನ್ನು ಅಪ್ಪನ ದನಿಯಲ್ಲೇ ಅಂದಿದ್ದಳು. ಆ ದನಿ ನಾನು ಮರೆತಿದ್ದೆ.

ಹಳಿ ಯಾಕೆ ಕಳಚಿತೋ ಈಗ ಯಾರೂ ಹೇಳಲಾರರು. ಚಪ್ಪಡಿಯ ಭಾರವೇ ಇರಬಹುದು. ಆ ತೀರ್ಪನ್ನು ಇನ್ನು ತಿದ್ದಿಸುವುದೂ ಬೇಡ ಎಂದಳು ಅಕ್ಕ. ಅಪ್ಪ ಹೇಳಿದ್ದು ಹೇಳಿದ ಹಾಗೇ ಇರಲಿ.

ಊಟಕ್ಕೆ ಹಾಕಿದಳು. ಅನ್ನ, ಹಿದುಕವರೆ ಬೇಳೆಯ ಸಾರು. ಉಂಡು ಎಂದಿನ ಹಾಗೆ ಕೈ ತೊಳೆಯಲು ಜಗಲಿಗೆ ಬಂದು ಚೊಂಬು ಹುಡುಕಿದೆ. ಅದು ಅಲ್ಲಿರಲಿಲ್ಲ. ಅಕ್ಕ ಅದನ್ನು ಎರಡೂ ಕೈಯಲ್ಲಿ ಹಿಡಿದು ಮೆಟ್ಟಿಲ ಮೇಲೆ ನಿಂತಿದ್ದಳು. ಕೈ ಚಾಚಿದೆ. ಅವಳು ಬಗ್ಗಿಸಲಿಲ್ಲ, ನನ್ನ ಮುಖ ನೋಡುತ್ತ ನಿಂತಳು. ಏನನ್ನು ಕಾಯುತ್ತಿದ್ದಾಳೆ ಎಂದು ತಿಳಿಯಲು ನನಗೆ ಒಂದು ಗಳಿಗೆ ಬೇಕಾಯಿತು.

"ಉಯ್ಯವ್ವ," ಎಂದೆ.

ಮಾತು ಮುಗಿಯುವ ಮೊದಲೇ ನೀರು ಬಿತ್ತು. ಮೊಣಕೈವರೆಗೂ ನೆನೆದೆ.

ನಾಲ್ಕೂವರೆಗೆ ಪಾಂಡವಪುರದ ಕಡೆಯ ಬಸ್ಸಿತ್ತು. ನಕಲನ್ನು ಅವಳ ಹತ್ತಿರವೇ ಬಿಟ್ಟೆ. ಬೀದಿಯ ತಿರುವಿನಲ್ಲಿ ತಿರುಗಿ ನೋಡಿದಾಗ ಅವಳು ಜಗಲಿಯ ಮೇಲೆ ಆ ನಾಲ್ಕು ಹಾಳೆಗಳನ್ನು ತೊಡೆಯ ಮೇಲೆ ಹರಡಿಕೊಂಡು ಕೂತಿದ್ದಳು. ಅವಳಿಗೆ ಓದು ಬರುವುದಿಲ್ಲ. ಮೂರನೆಯ ಹಾಳೆ ಯಾವುದು ಎಂದು ಕೇಳಿ ಅದರ ಮೂಲೆ ಮಡಿಸಿಕೊಂಡಿದ್ದಳು, ಅದರ ಮೇಲೆ ಅಂಗೈ ಇಟ್ಟಿದ್ದಳು.