ಸ್ಟಾಂಪಿನ ಬೆನ್ನಿಗಿದ್ದ ಕ್ರಾಂತಿ

ಊರಿನ ಬಸ್ಸಿಗೆ ಇನ್ನೂ ಹೊತ್ತಿತ್ತು. ಜಯನಗರದ ಸಭಾಭವನವೊಂದರಲ್ಲಿ ನಡೆಯುತ್ತಿದ್ದ ಅಂಚೆಚೀಟಿ ಸಂಗ್ರಾಹಕರ ಕೂಟಕ್ಕೆ ಹೋದೆ. ನಿವೃತ್ತ ಬ್ಯಾಂಕ್ ನೌಕರ ಬಸವರಾಜು ಸ್ಟಾಂಪು ಬಿಡಿಸಲು ಹಳೆಯ ಅಮೆರಿಕನ್ ಪೋಸ್ಟ್‌ಕಾರ್ಡೊಂದನ್ನು ನೀರಿನ ತಟ್ಟೆಗೆ ಇಳಿಸುವುದರಲ್ಲಿದ್ದರು. ಪಕ್ಕದ ಮೇಜಿನಲ್ಲಿ ಚಿತ್ರದ ಕಾರ್ಡುಗಳನ್ನು ಹರಡಿಕೊಂಡಿದ್ದ ಸರೋಜಾ, ಬಸವರಾಜು ಅವರ ಕೈ ತಡೆದರು.

“ಇರಿ ಸಾರ್! ಆ ಕಡೆ ಏನಿದೆ ನೋಡಿದೀರಾ?”

“ಒಬ್ರು ಸ್ಟಾಂಪ್ ಕೇಳಿದಾರೆ ಮೇಡಂ. ಇಪ್ಪತ್ತು ವರ್ಷದಿಂದ ಆಲ್ಬಮ್‌ನಲ್ಲಿ ಈ ಕಡೆನೇ ಮೇಲಿತ್ತು.”

ಸರೋಜಾ ಕಾರ್ಡನ್ನು ಮಗುಚಿದರು. ಅಡಿಬರಹ ನೋಡಿದರೆ, ಮೆಕ್ಸಿಕೋ ಕ್ರಾಂತಿಯ ಫೋಟೋ! ಗಡಿನದಿಯ ಆಚೆ ಹೊಗೆ, ಬಂದೂಕು ಹಿಡಿದವರು. ಈಚೆ, ಅಮೆರಿಕದ ದಡದ ಮಹಡಿಯೊಂದರ ಮೇಲೆ ಛತ್ರಿ ಹಿಡಿದು ಕಾಳಗ ನೋಡುತ್ತಿರುವ ಜನ. ಒಬ್ಬನ ತಲೆಯ ಮೇಲೆ ಶಾಯಿಯ ಗುರುತು.

ಬಸವರಾಜು ಕನ್ನಡಕ ಏರಿಸಿದರು. “‘ಅಮ್ಮಾ, ಗುರುತು ಹಾಕಿರೋದು ನನಗೇ’ ಅಂತ ಸ್ಟಾಂಪ್ ಪಕ್ಕದಲ್ಲೇ ಇಂಗ್ಲಿಷಲ್ಲಿ ಬರೆದಿದಾನೆ. ಎಷ್ಟು ಸಲ ಓದಿದೀನಿ! ಒಂದ್ ದಿನಾನೂ ತಿರುಗಿಸಿ ನೋಡ್ಲಿಲ್ವಲ್ಲ!”

“ಇನ್ನೊಂದು ನಿಮಿಷಕ್ಕೆ ಅವನನ್ನ ಮುಳುಗಿಸ್ತಿದ್ರಿ,” ಎಂದು ಸರೋಜಾ ನಕ್ಕರು.

ಸ್ಟಾಂಪ್ ಕೇಳಿದ್ದ ಗಿರಾಕಿ ಬಂದಾಗ ಬಸವರಾಜು, “ಸ್ಟಾಂಪ್ ಕೊಡಲ್ಲ ಸಾರ್,” ಎಂದರು. ಆಮೇಲೆ ಆಲ್ಬಮ್ಮಿನ ಉಳಿದ ಕಾರ್ಡುಗಳನ್ನು ನಾವು ಮೂವರೂ ಒಂದೊಂದಾಗಿ ಮಗುಚತೊಡಗಿದೆವು.