ಮಾದಪ್ಪನವರ ಸಮುದ್ರದ ರೀಲು

ರಿಪೇರಿಗೆ ಬಂದ ಮೀನಿನ ಗಾಳದ ರೀಲನ್ನು ಮಾದಪ್ಪನವರು ಮೊದಲು ಬೆಚ್ಚನೆಯ ನೀರಿನಲ್ಲಿ ನೆನೆಹಾಕುತ್ತಿದ್ದರು. ಆಮೇಲೆ ತೆಗೆದು ನೆಕ್ಕುತ್ತಿದ್ದರು. ನಾಲಿಗೆಯ ತುದಿಗೆ ಹಿತ್ತಾಳೆ ಮುಟ್ಟಿಸಿ, ಕಣ್ಣು ಮುಚ್ಚಿ ರುಚಿ ನೋಡಿ, "ಉಪ್ಪು ಇನ್ನೂ ಓಗಿಲ್ಲ ಕಣ್ರೀ ಸ್ವಾಮಿ. ಇನ್ನೊಂದ್ ನೀರು ಬೇಕು" ಅನ್ನುತ್ತಿದ್ದರು. ಹಣೆಯ ತುಂಬ ವಿಭೂತಿ, ಕೊರಳಲ್ಲಿ ಲಿಂಗದ ಕರಡಿಗೆ. ಮೀನು ತಿನ್ನುವುದಿರಲಿ, ಮೀನು ಮಾರುವವರು ಎದುರಾದರೆ ಬೀದಿಯ ಆಚೆ ಬದಿಗೆ ಸರಿಯುವ ಮನುಷ್ಯ. ಅಂಥವರು ಮೀನು ಹಿಡಿಯುವ ಬಿಳಿ ದೊರೆಗಳ ರೀಲು ನೆಕ್ಕುವುದನ್ನು ಮೊದಲ ಸಲ ನೋಡಿದ ದಿನ ನನಗೆ ನಗು ತಡೆಯಲಾಗಲಿಲ್ಲ.

ನಾನಾಗ ಹುಣಸೂರಿನಲ್ಲಿ ಪೋಸ್ಟ್ ಮಾಸ್ಟರ್. ಮಾದಪ್ಪನವರು ಗಾಡಿ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದು, ವಯಸ್ಸಾದ ಮೇಲೆ ಮನೆಯ ಜಗಲಿಯಲ್ಲೇ ಒಂದು ಮೇಜು ಹಾಕಿಕೊಂಡಿದ್ದರು. ಕೊಡಗಿನ ಕಾಫಿ ತೋಟದ ದೊರೆಯೊಬ್ಬ ದಾರಿಯಲ್ಲಿ ಹೋಗುತ್ತಾ ಮುರಿದ ರೀಲು ತೋರಿಸಿದ್ದನಂತೆ. ಅದನ್ನು ಸರಿಮಾಡಿಕೊಟ್ಟದ್ದೇ ತಡ, ಸುದ್ದಿ ಕಣ್ಣಾನೂರಿನ ಕಡಲತೀರದವರೆಗೂ ಹೋಯಿತು. ಅಲ್ಲಿಂದ ಬರುವ ಪಾರ್ಸೆಲ್ಲುಗಳು ನಮ್ಮ ಆಫೀಸಿನ ತುಂಬ ಉಪ್ಪು, ಮೀನಿನ ವಾಸನೆ ಹರಡುತ್ತಿದ್ದವು. ಜೊತೆಗಿನ ಇಂಗ್ಲಿಷ್ ಕಾಗದ ಓದಿ ಹೇಳುವ ನೆಪದಲ್ಲಿ ಸಂಜೆ ನಾನೇ ಅವನ್ನು ಒಯ್ದುಕೊಡುತ್ತಿದ್ದೆ.

ಒಂದು ಸಲ ಪಾರ್ಸೆಲ್ಲಿನ ಬದಲು ಮನುಷ್ಯನೇ ಬಂದ. ಹೆಸರು ಚಾತು. ದೊರೆಯೊಬ್ಬನನ್ನು ದೋಣಿಯಲ್ಲಿ ಸಮುದ್ರಕ್ಕೆ ಕರೆದೊಯ್ಯುವವನು. ಮಲಯಾಳ ಬೆರೆತ ಹರಕು ಕನ್ನಡ. ರೀಲು ಕೊಡಲು ಚಾಚಿದ ಅವನ ಬಲಗೈಯ ಎರಡು ಬೆರಳು ಸೊಟ್ಟಗಿದ್ದವು.

"ಏನಪ್ಪ ಇದು?" ಎಂದರು ಮಾದಪ್ಪನವರು.

"ದೊಡ್ಡ ಮೀನು ಓಡಿತು. ಇದು ತಿರುಗಿತು. ವೆರಲು ಪೋಯಿ" ಎಂದು ಚಾತು ರೀಲಿನ ಹಿಡಿಕೆ ತೋರಿಸಿದ.

ಆ ಕಾಲದ ರೀಲೇ ಹಾಗೆ. ದಾರ ಸುತ್ತುವ ಉರುಳೆಗೆ ಹಿಡಿಕೆ ನೇರವಾಗಿ ಅಂಟಿಕೊಂಡಿರುತ್ತಿತ್ತು. ಮೀನು ದಾರ ಎಳೆದುಕೊಂಡು ಓಡಿದರೆ ಹಿಡಿಕೆಯೂ ಗಿರ್ರನೆ ಹಿಂದಕ್ಕೆ ತಿರುಗಿ ಬೆರಳಿಗೆ ಬಡಿಯುತ್ತಿತ್ತು. ಮಾದಪ್ಪನವರು ಆ ಕೈಯನ್ನು ತಮ್ಮ ಕೈಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ನೋಡಿದರು. "ಇದ್ನ ರಿಪೇರಿ ಮಾಡಿ ಕೊಟ್ರೆ ಇನ್ನೆರಡು ಬೆರಳು ಓಯ್ತವೆ. ಇಡಿಕೆ ನಿಂತಿರ್ಬೇಕು, ಉರುಳೆ ಮಾತ್ರ ತಿರುಗ್ಬೇಕು. ಅಂಗ್ ಮಾಡ್ತೀನಿ ಬುಡು" ಎಂದರು.

ತಿಂಗಳು ಹಿಡಿಯಿತು. ಹಿಡಿಕೆ ಹಿಂದಕ್ಕೆ ಹೋಗದಂತೆ ಒಂದು ಹಲ್ಲುಚಕ್ರ, ಅದಕ್ಕೊಂದು ಕೊಕ್ಕೆ. ಉರುಳೆಗೂ ಹಿಡಿಕೆಗೂ ನಡುವೆ ತೊಗಲಿನ ಬಿಲ್ಲೆಗಳು. ತಿರುಪು ಬಿಗಿದಷ್ಟೂ ಮೀನಿಗೆ ದಾರ ಎಳೆಯುವುದು ಕಷ್ಟವಾಗಬೇಕು, ಹಿಡಿಕೆ ಮಾತ್ರ ಅಲುಗಬಾರದು. ಪರೀಕ್ಷೆಗೆ ಪಕ್ಕದ ಮನೆಯ ಎತ್ತು ಬಂತು. ಅದರ ಕೊರಳ ಹಗ್ಗಕ್ಕೆ ದಾರ ಕಟ್ಟಿ, ಮಾದಪ್ಪನವರು ರೀಲು ಬಿಗಿದ ಗಾಳದ ಕೋಲು ಹಿಡಿದು ರಸ್ತೆಯಲ್ಲಿ ನಿಂತರು. ಎತ್ತನ್ನು ಓಡಿಸುವ ಕೆಲಸ ನನ್ನದು. ಸರ್ಕಾರಿ ಕೋಟು ತೊಟ್ಟುಕೊಂಡೇ ಅದರ ಹಿಂದೆ ಓಡಿದೆ. ಊರವರೆಲ್ಲ ನಕ್ಕರು. ದಾರ ಹರಿಯುತ್ತಾ ಹೋಯಿತು, ಹಿಡಿಕೆ ಕದಲಲಿಲ್ಲ. ಸುದ್ದಿ ತಿಳಿದು ಬಂದ ಚಾತು ಖುಷಿಯಿಂದ ರೀಲು ತೆಗೆದುಕೊಂಡು ಹೋದ.

ಹದಿನೈದು ದಿನಕ್ಕೆ ಭುಜಕ್ಕೆ ಬಟ್ಟೆ ಸುತ್ತಿಕೊಂಡು ವಾಪಸು ಬಂದ. ಸಮುದ್ರದ ನೀರು ಕುಡಿದು ರೀಲಿನ ತೊಗಲು ಬಿಲ್ಲೆಗಳು ಊದಿಕೊಂಡು, ಉರುಳೆ ತಿರುಗದೆ ಕಚ್ಚಿಕೊಂಡಿತ್ತು. ಮೀನು ಎಳೆದ ಏಟಿಗೆ ದೊರೆ ದೋಣಿಯಿಂದ ಬೀಳುತ್ತಿದ್ದನಂತೆ. ಅವನನ್ನು ತಬ್ಬಿ ಹಿಡಿಯಲು ಹೋದ ಚಾತುವಿನ ಭುಜ ದೋಣಿಯ ಅಂಚಿಗೆ ಬಡಿದಿತ್ತು.

ಮಾದಪ್ಪನವರ ಮುಖ ಕಪ್ಪಿಟ್ಟಿತು. "ತಪ್ಪು ನಂದು ಕಣಪ್ಪ" ಎಂದರು. ನನ್ನ ಕಡೆ ತಿರುಗಿ, "ಎತ್ತು ನೆಲದ ಮ್ಯಾಲೆ ಓಡ್ತದೆ ಸ್ವಾಮಿ, ಮೀನು ನೀರಲ್ಲಿ ಓಡ್ತದೆ. ಇಷ್ಟು ತಿಳೀದೆ ಓಯ್ತಲ್ಲ ನಂಗೆ" ಎಂದರು. ಅವತ್ತು ಅವರು ಊಟ ಮಾಡಲಿಲ್ಲವೆಂದು ಅವರ ಹೆಂಡತಿ ಪುಟ್ಟಮ್ಮ ಆಮೇಲೆ ಹೇಳಿದರು.

ಹೊಸ ಬಿಲ್ಲೆಗಳನ್ನು ಎಂಟು ದಿನ ಹರಳೆಣ್ಣೆಯಲ್ಲಿ ನೆನೆಹಾಕಿದರು. ಉಪ್ಪುನೀರಿನ ಹಂಡೆಯಲ್ಲಿ ರೀಲು ಮುಳುಗಿಸಿಟ್ಟು, ತೆಗೆದು ಮತ್ತೆ ಎತ್ತಿಗೆ ಕಟ್ಟಿದರು. ಉರುಳೆ ಕಚ್ಚಲಿಲ್ಲ. ಆದರೂ ಈ ಸಲ ರೀಲನ್ನು ಚಾತುವಿನ ಕೈಗೆ ಕೊಡದೆ, ತಾವೇ ಹಿಡಿದುಕೊಂಡು ಅವನ ಜೊತೆ ಕಣ್ಣಾನೂರಿನ ಬಸ್ಸು ಹತ್ತಿದರು. ಅರವತ್ತು ದಾಟಿದವರು, ಪಿರಿಯಾಪಟ್ಟಣದಿಂದಾಚೆ ಕಾಲಿಟ್ಟವರಲ್ಲ. ಅವಲಕ್ಕಿ, ಬಾಳೆಹಣ್ಣು ತಿಂದುಕೊಂಡು ಮೂರು ದಿನ ಚಾತುವಿನ ಅಂಗಳದಲ್ಲಿದ್ದರು. ದೋಣಿಯಲ್ಲಿ ವಾಂತಿ ಮಾಡಿಕೊಳ್ಳುತ್ತಲೇ ರೀಲಿನ ಮೇಲೆ ಕಣ್ಣಿಟ್ಟರು. ಮೀನು ಓಡಿತು, ದಾರ ಹೋಯಿತು, ಹಿಡಿಕೆ ನಿಂತೇ ಇತ್ತು. ಹೊರಡುವ ಮುಂಚೆ ರೀಲನ್ನು ಬಿಚ್ಚಿ ಜೋಡಿಸುವುದನ್ನು ಚಾತುವಿಗೆ ಕಲಿಸಿಯೇ ಬಂದರು.

"ಸಮುದ್ರ ಹೇಗಿತ್ತು ಮಾದಪ್ಪನೋರೆ?" ಎಂದು ಕೇಳಿದೆ.

"ನಾಲಿಗೆಗೆ ಗೊತ್ತಿತ್ತು ಸ್ವಾಮಿ, ಕಣ್ಣಿಗೆ ಗೊತ್ತಿರ್ಲಿಲ್ಲ. ಬಾಳ ದೊಡ್ಡದು ಕಣ್ರೀ" ಎಂದರು.

ಯುದ್ಧ ಶುರುವಾದ ಮೇಲೆ ದೊರೆಗಳು ಒಬ್ಬೊಬ್ಬರಾಗಿ ಹೊರಟರು. ಚಾತುವಿನ ದೊರೆ ಹೋಗುವಾಗ ಆ ರೀಲನ್ನು ಅವನಿಗೇ ಕೊಟ್ಟುಹೋದ. ನನಗೆ ಕೃಷ್ಣರಾಜನಗರಕ್ಕೆ ವರ್ಗವಾಯಿತು. ಅಲ್ಲಿರುವಾಗಲೇ, ನಾಲ್ಕು ದಿನದ ಜ್ವರದಲ್ಲಿ ಮಾದಪ್ಪನವರು ತೀರಿಕೊಂಡ ಸುದ್ದಿ ಬಂತು. ಹೋಗಿ ನೋಡಿದರೆ ಜಗಲಿಯ ಮೇಜಿನ ಮೇಲೆ ಚಾತುವಿನ ರೀಲು ಬಿಚ್ಚಿಬಿದ್ದಿತ್ತು. ಒರೆಸಿ ಎಣ್ಣೆ ಹಾಕಲು ಅವನು ಕಳಿಸಿದ್ದನಂತೆ. ಬಿಳಿ ಬಟ್ಟೆಯ ಮೇಲೆ ಬಿಡಿಭಾಗಗಳು ಸಾಲಾಗಿದ್ದವು. ಪುಟ್ಟಮ್ಮ ಯಾರಿಗೂ ಮುಟ್ಟಲು ಬಿಟ್ಟಿರಲಿಲ್ಲ. ನಾನು ಚಾತುವಿಗೆ ಕಾಗದ ಬರೆದೆ.

ಅವನು ಬರುವ ದಿನ ನಾನೂ ಹೋದೆ. ಚಾತು ಮೇಜಿನ ಮುಂದೆ ಕೂತು, ಒಂದೊಂದೇ ಭಾಗ ಎತ್ತಿ ಜೋಡಿಸಿದ. ಕೊನೆಯ ತಿರುಪು ಬಿಗಿದು ದಾರದ ತುದಿ ಹಿಡಿದೆಳೆದ. ಕಟಕಟ ಎಂದು ರೀಲು ತಿರುಗಿತು, ಮಾದಪ್ಪನವರ ಜಗಲಿಯಿಂದ ದಿನವೂ ಕೇಳುತ್ತಿದ್ದ ಅದೇ ಸದ್ದು.

ಒಳಗೆ ರಾಗಿ ಬೀಸುತ್ತಿದ್ದ ಶಬ್ದ ನಿಂತಿತು. ಪುಟ್ಟಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಓಡಿಬಂದಂತೆ ಬಾಗಿಲಿಗೆ ಬಂದರು. ಮೇಜಿನ ಮುಂದೆ ಕೂತಿದ್ದ ಚಾತುವನ್ನು ಕಂಡು ಅಲ್ಲೇ ನಿಂತರು. ಆಮೇಲೆ, "ಉಂಡ್ಕಂಡ್ ಓಗು ಮಗ" ಎಂದು ಒಳಗೆ ಹೋದರು.