ಕಂಬಿ ಸಾಹೇಬರು
ಮನೆಗಳ ಕಂಬ, ತೊಲೆಗಳಿಗೆ ಲೆಕ್ಕ ಹಾಕಿಕೊಡುವ ಈ ಎಂಜಿನಿಯರಿಗೆ ಗಾರೆ ಕೆಲಸದವರು ಇಟ್ಟ ಹೆಸರು ಕಂಬಿ ಸಾಹೇಬರು. ನೆಂಟರ ಮನೆಗೆ ಹೋದರೂ ಅವರು ಯೋಗಕ್ಷೇಮ ವಿಚಾರಿಸುವುದು ಮೊದಲು ತೊಲೆಯದು, ಆಮೇಲೆ ಮನುಷ್ಯರದು. "ಕೂತ್ಕೊಳ್ರೀ, ಸೂರು ಎಲ್ಲಿಗೂ ಓಡಿಹೋಗಲ್ಲ" ಎಂದು ಹೆಂಡತಿ ಕೈ ಹಿಡಿದು ಕೂರಿಸಬೇಕು. "ಪಕ್ಕದ ಮನೆಯವರು ಇಷ್ಟು ಕಂಬಿ ಹಾಕಿಲ್ಲ ಸಾರ್, ಆದ್ರೂ ನಿಂತಿದೆಯಲ್ಲ" ಎಂದು ಮನೆ ಕಟ್ಟಿಸುವವರು ರಾಗ ಎಳೆದರೆ ಸಾಕು, ಬೆವರಿಗೆ ರಟ್ಟು ಕಿತ್ತುಬಂದ ನಿಯಮದ ಪುಸ್ತಕ ಕಂಕುಳಿಂದ ಹೊರಬರುತ್ತದೆ: "ಅದು ನಿಂತಿರೋದು ಅವರ ಪುಣ್ಯದಿಂದ. ನಿಮ್ಮ ಪುಣ್ಯ ಎಷ್ಟು ಟನ್ ತಡೆಯುತ್ತೋ ನನಗೆ ಗೊತ್ತಿಲ್ಲ, ಕಂಬಿ ಹಾಕಿಸಿ." ಬಾಲ್ಕನಿಯ ವಿಷಯ ಬಂದರಂತೂ ಕೆಂಡ ತುಳಿದವರಂತೆ ಆಡುತ್ತಾರೆ. ಗೋಡೆಯಾಚೆ ಚಾಚಿದ ಚಪ್ಪಡಿಗೆ ಕಂಬಿ ಮೇಲ್ಭಾಗದಲ್ಲೇ ಇರಬೇಕು. ಕಾಂಕ್ರೀಟ್ ಸುರಿಯುವವರು ಓಡಾಡಿ ಅದನ್ನು ಕೆಳಕ್ಕೆ ತುಳಿದರೆ ಇದ್ದೂ ಇಲ್ಲದಂತೆ. ಅದಕ್ಕೇ ಅವರು ಹಲಗೆಯ ತುದಿಯಲ್ಲಿ ಕುಕ್ಕರಗಾಲಲ್ಲಿ ಕೂತು, "ತುಳೀಬೇಡ್ರಪ್ಪಾ!" ಎಂದು ಗಂಟಲು ಹರಿದುಕೊಳ್ಳುತ್ತಾರೆ. ಆಸರೆಯ ಮರಗಳನ್ನು ಬಿಚ್ಚುವ ದಿನ ಎಲ್ಲರನ್ನೂ ದೂರ ಕಳಿಸಿ, ಆ ಬಾಲ್ಕನಿಯ ಕೆಳಗೆ ತಾವೇ ಹೋಗಿ ನಿಲ್ಲುತ್ತಾರೆ. "ಲೆಕ್ಕದ ಮೇಲೆ ನಂಬಿಕೆ ಇಲ್ವಾ ಸಾರ್?" ಎಂದು ಯಾರಾದರೂ ನಕ್ಕರೆ, "ಲೆಕ್ಕ ಆವತ್ತೂ ಸರಿಯಾಗೇ ಇತ್ತಪ್ಪ, ಕಾಂಕ್ರೀಟ್ ಸುರಿಯೋವಾಗ ನಾನೇ ನೋಡೋಕೆ ಹೋಗಿರಲಿಲ್ಲ" ಎನ್ನುತ್ತಾರೆ. ಆವತ್ತು ಕುಸಿದ ಬಾಲ್ಕನಿಯಡಿ ಸಿಕ್ಕಿ ಕಾಲು ಮುರಿದುಕೊಂಡ ಹಿರಿಯ ಮೇಸ್ತ್ರಿ ಮಾತ್ರ ಏನೂ ಕೇಳದೆ, ಕೋಲೂರಿಕೊಂಡು ಬಂದು, "ಸ್ವಲ್ಪ ಸರ್ಕೊಳ್ಳಿ ಸಾಹೇಬ್ರೇ, ನನಗೂ ಜಾಗ ಬಿಡಿ" ಎಂದು ಅವರ ಪಕ್ಕದಲ್ಲಿ ನಿಲ್ಲುತ್ತಾರೆ.